ಶ್ರೀರಂಗಪಟ್ಟಣ ಸೀಮೆಯಲ್ಲಿ ಪರದೇಶೀಯ ಊಳಿಗದವರ ಗೌರವ ಸಂಬೋಧನೆ

ಅರಸೊತ್ತಿಗೆಯೊಂದು ತನ್ನ ಊಳಿಗಕ್ಕೆ ಬರಮಾಡಿಕೊಂಡ ಪರದೇಶೀಯನನ್ನು ಯಾವ ಪದದಿಂದ ಕರೆಯಿತೆಂಬುದನ್ನು ಅರಿತರೆ, ಆತನ ವಿದ್ಯೆಗೆ ಅದು ಕಟ್ಟಿದ ಬೆಲೆಯೂ ಆತನಿಗೂ ತನಗೂ ನಡುವೆ ಉಳಿಸಿಕೊಂಡ ಅಂತರವೂ ಏಕಕಾಲದಲ್ಲಿ ಗೋಚರಿಸುತ್ತವೆ. ಮೇಜಿ ಯುಗದ ಜಪಾನು ಪಾಶ್ಚಾತ್ಯ ತಂತ್ರಜ್ಞರನ್ನು ಸಂಬಳ ಕೊಟ್ಟು ಕರೆಸಿಕೊಂಡಾಗ ಅವರಿಗೆ ‘ಓ-ಯಾತೋಯ್’ ಎಂಬ, ಗೌರವಸೂಚಕ ಪೂರ್ವಪ್ರತ್ಯಯವುಳ್ಳ ಹೆಸರನ್ನು ಕೊಟ್ಟಿತು. ಅದಕ್ಕೂ ಬಹುಪೂರ್ವದಲ್ಲಿ ಕಾವೇರೀತೀರದಲ್ಲಿ ಇಂಥದೇ ಪ್ರಸಂಗವೊದಗಿತ್ತು.

ಹೊರಗಿನಿಂದ ಬಂದ ಕುಶಲಿಗೆ ಮನ್ನಣೆ ಸಲ್ಲಿಸುವುದು ನಮ್ಮಲ್ಲಿ ಹೊಸತಲ್ಲ. ಬಳ್ಳಿಗಾವೆಯಿಂದ ಬೇಲೂರಿಗೆ ಬಂದು ವಿಗ್ರಹಗಳನ್ನು ಕಡೆದ ದಾಸೋಜನ ಹೆಸರಿನ ಕೊನೆಯ ‘ಓಜ’ವು ಆಚಾರ್ಯತ್ವವನ್ನೇ ಸೂಚಿಸುತ್ತದೆ, ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಶಿಲ್ಪಗಳಲ್ಲಿ ಹೆಸರು ಕೆತ್ತಿಸಿಕೊಂಡ ಮಲ್ಲಿತಮ್ಮನು ‘ರೂವಾರಿ’ (ಶಿಲ್ಪಿ) ಎಂದೇ ಪ್ರಸಿದ್ಧನು.

ಕಾವೇರೀತೀರದ ಆ ಪ್ರಸಂಗಕ್ಕೆ ಬಂದರೆ, ಮೈಸೂರನ್ನಾಳಿದ ಹೈದರ್ ಅಲಿಯ ಸೈನ್ಯದ ಫಿರಂಗಿದಳದಲ್ಲಿ ಸೇವೆಗೈದು ಅವನ ಚರಿತ್ರೆಯನ್ನು ಬರೆದ ಮೇಸ್ತ್ರ್ ದ ಲಾ ತೂರನೂ, ಹೈದರ್ ಮತ್ತು ಟಿಪ್ಪು ತಂದೆಮಗ ಇಬ್ಬರ ಕಾಲದಲ್ಲಿಯೂ ದಳಪತಿಯಾಗಿದ್ದ ಲ್ಯಾಲಿಯೂ ಅರಮನೆಗೆ ಬೇಕಾದ ಜನ. ಯುದ್ಧವಿದ್ಯೆಯುಳ್ಳವನಿಗೆ ಆಸನವೂ ಹೆಸರೂ ಎರಡೂ ದೊರೆತವು. ಆದರೆ 1788ರ ಆಗಸ್ಟಿನಲ್ಲಿ ವರ್ಸೈಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಟಿಪ್ಪುವಿನ ರಾಯಭಾರಿಗಳು ಕೇಳಿ ತಂದ ಕುಶಲಕರ್ಮಿಗಳ ವಿಷಯದಲ್ಲಿ ಹಾಗಾಗಲಿಲ್ಲ: ಅವರಿಂದ ಬಯಸಿದ ವಿದ್ಯೆ ದೊಡ್ಡದಾಗಿದ್ದರೂ ಅವರ ಹೆಸರುಗಳು ನಮ್ಮ ನಾಡಿನ ನೆನಪಿನಲ್ಲಿ ಉಳಿಯಲಿಲ್ಲ. ಇದು ನನಗೆ ಅತ್ಯಂತ ಖೇದಕರವಾಗಿ ತೋರುತ್ತದೆ.

ಇದಕ್ಕೆ ಪ್ರತಿಯಾಗಿ, ಊಳಿಗದವರೇ ಅರಸನಿಗೆ ಸಂಬೋಧನೆಯನ್ನು ಕೊಟ್ಟ ಪ್ರಸಂಗವೊಂದು 1797ರಲ್ಲಿ ಸಂಭವಿಸಿತು. ಮಂಗಳೂರಿಗೆ ಹಡಗಿನಲ್ಲಿ ಬಂದ ಫ್ರಾಂಸ್ವಾ ರಿಪೋನ ನೇತೃತ್ವದಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ಜಾಕೊಬಿನ್ ಸಂಘವನ್ನು ಸ್ಥಾಪಿಸಿ, ಸ್ವಾತಂತ್ರ್ಯವೃಕ್ಷವನ್ನು ನೆಟ್ಟು, ತಮ್ಮ ದೇಶದಲ್ಲಿ ‘ಮೊಸ್ಯೆ’ ಎಂಬುದರ ಸ್ಥಾನದಲ್ಲಿ ಬಂದ ‘ಪೌರ’ ಎಂಬ ಸಮತೆಯ ಸಂಬೋಧನೆಯನ್ನು ಸುಲ್ತಾನನಿಗೂ ಅನ್ವಯಿಸಿದರೆಂದು ಆಂಗ್ಲರು ಪ್ರಕಟಿಸಿದ ಪತ್ರಗಳು ಹೇಳುತ್ತವೆ. ಈ ಪತ್ರಗಳ ಸಾಚಾತನವನ್ನು ಕೆಲವು ಇತಿಹಾಸಕಾರರು ಸಂಶಯಿಸಿರುವುದು ಯುಕ್ತವೇ. ಅದು ಹಾಗಿದ್ದರೂ, ಅರಸನ ಬಿರುದುಗಳನ್ನೆಲ್ಲ ಬದಿಗಿರಿಸಿ ಒಂದು ಪದದಿಂದ ಅವನನ್ನು ತಮ್ಮ ಸಾಲಿನಲ್ಲಿ ನಿಲ್ಲಿಸಬಹುದೆಂದು ಊಳಿಗದವರಿಗೆ ಅನ್ನಿಸಿದ್ದರೆ, ಆ ಸಂದರ್ಭದ ಗಾಂಭೀರ್ಯವನ್ನು ಊಹಿಸಬಹುದು. 1799ರ ಮೇ 4ರಂದು ಕೋಟೆ ಬಿದ್ದು ಆ ಪ್ರಯೋಗವೂ ಮುಗಿಯಿತು.

ಜನಸಾಮಾನ್ಯರ ಮಾತಿನ ದಾರಿ ಬೇರೆ. ನಾಗಮಂಗಲ, ಪಾಂಡವಪುರಗಳ ಹಳ್ಳಿಗಳಲ್ಲಿ ‘ಬಾರಣ್ಣ, ಕೂತ್ಕಳಪ್ಪ’ ಎಂಬ ಏಕವಚನದಲ್ಲಿ ಹಿರಿಯನಿಗೂ ಗೌರವವಿರುತ್ತದೆ, ಬಹುವಚನವು ಅಪರಿಚಿತನಿಗೆ. ಬಿಳಿಯ ಅಧಿಕಾರಿಯನ್ನು ‘ದೊರೆ’ಯೆಂದು ಕರೆದು ದೂರದಲ್ಲಿರಿಸಿದ ಈ ಜನ, ಜೊತೆಯಲ್ಲಿ ದುಡಿದವನನ್ನು ‘ಅಣ್ಣ’ನೆಂದೇ ಕರೆಯುತ್ತ ಬಂದವರು. ಇವೆರಡರಲ್ಲಿ ಎರಡನೆಯದೇ ಮೇಲಾದ ಮನ್ನಣೆಯೆಂದು ನಾನು ಬಗೆಯುತ್ತೇನೆ. ಫ್ರೆಂಚ್ ದಂಡು ಬೀಡುಬಿಟ್ಟ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಿದ್ದು, ಪಾಂಡವಪುರವೆಂಬ ಇಂದಿನ ಹೆಸರು ಬರುವವರೆಗೂ ಅದೇ ಬಳಕೆಯಲ್ಲಿದ್ದಿತು. ಹೀಗೆ ಆ ದಂಡಿನವರ ಜನಾಂಗದ ಹೆಸರು ಊರಿಗೆ ಉಳಿದರೂ, ಇಲ್ಲಿನ ಜನ ಅವರೊಬ್ಬೊಬ್ಬರನ್ನು ಯಾವ ಪದದಿಂದ ಕರೆದರೆಂಬುದನ್ನು ಕಡತಗಳಿಗಿಂತ ಈ ಸೀಮೆಯ ಹಾಡುಪಾಡುಗಳಲ್ಲಿ ಅರಸಬೇಕು.