192.168.1.1: ಮನೆಯ ಪೆಟ್ಟಿಗೆ ಬಾಗಿಲು ತೆರೆಯದಿದ್ದರೆ

ಬೆಳಗಾವಿಯ ವಡಗಾವಿ, ಟಿಳಕವಾಡಿಯ ಮನೆಗಳಲ್ಲಿ ವೈಫೈ ಪೆಟ್ಟಿಗೆಯ ಒಳಗಿನ ವಿಳಾಸ ಏನಿರುತ್ತದೆ? ಬಹುತೇಕ 192.168.1.1, ಇಲ್ಲವೇ 192.168.0.1. ಖಾನಾಪುರದ ಲೋಂಡಾದಲ್ಲಿ, ನಂದಗಡದಲ್ಲಿ? ಅದೇ. ಪಾಸ್‌ವರ್ಡ್ ಬದಲಿಸಬೇಕೆಂದು ಈ ಸಂಖ್ಯೆಯನ್ನು ಬ್ರೌಸರ್‌ನಲ್ಲಿ ಒತ್ತಿದಾಗ ಪುಟವೇ ತೆರೆಯದೆ ಬಿಳಿ ಪರದೆ ಬರುವುದೂ ಎಲ್ಲ ಕಡೆ ಒಂದೇ. ಏಕೆ ಹೀಗಾಗುತ್ತದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಂಟರ್‌ನೆಟ್‌ನ ವಿಳಾಸ ಪದ್ಧತಿ 1981ರಲ್ಲಿ ಗಟ್ಟಿಯಾಯಿತು. ಅದರಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಆಗ ಅದು ಅಕ್ಷಯ ಪಾತ್ರೆಯಂತೆ ಕಂಡಿರಬೇಕು. ಹತ್ತೇ ವರ್ಷಗಳಲ್ಲಿ, ಹೀಗೇ ಹಂಚಿದರೆ ಸಾಲುವುದಿಲ್ಲ ಎಂಬ ಚಿಂತೆ ಹತ್ತಿತು. 1996ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆ ಬಂತು. 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು: ಈ ಮೂರು ಗುಂಪುಗಳನ್ನು ಯಾರು ಬೇಕಾದರೂ ತಮ್ಮ ಮನೆ, ಕಚೇರಿಯೊಳಗೆ ಬಳಸಿಕೊಳ್ಳಲಿ, ಹೊರಗಿನ ಇಂಟರ್‌ನೆಟ್‌ನಲ್ಲಿ ಮಾತ್ರ ಇವು ನಡೆಯುವುದಿಲ್ಲ ಎಂದು ಅದು ಹೇಳಿತು.

ನಮ್ಮ ಊರುಗಳ ಲೆಕ್ಕದಲ್ಲಿ ಹೇಳಬೇಕೆಂದರೆ ಇದು ಹನುಮಪ್ಪನ ಗುಡಿ ಇದ್ದಂತೆ. ಊರೊಳಗೆ 'ಹನುಮಪ್ಪನ ಗುಡಿ ಹತ್ತಿರ ಬಾ' ಅಂದರೆ ಸಾಕು. ಬೇರೆ ಊರಿನಲ್ಲಿ ನಿಂತು ಅದೇ ಮಾತು ಹೇಳಿದರೆ ಆ ಊರಿನ ಗುಡಿಗೆ ಹೋಗುತ್ತೀರಿ, ಅಥವಾ ಎಲ್ಲಿಗೂ ಹೋಗುವುದಿಲ್ಲ.

ಪುಟ ತೆರೆಯದಿರಲು ಮೊದಲ ಕಾರಣ ಇಲ್ಲೇ ಇದೆ. ವೈಫೈನಲ್ಲಿ ಇಂಟರ್‌ನೆಟ್ ಬರುತ್ತಿಲ್ಲ ಎಂದು ಗೊತ್ತಾದ ಕೂಡಲೇ ಅನೇಕ ಫೋನ್‌ಗಳು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿಯುತ್ತವೆ. ಆಗ ನೀವು ಊರ ಹೊರಗೆ ನಿಂತು ಗುಡಿ ಕೇಳಿದಂತೆ. ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ, ಮತ್ತೆ ನೋಡಿ. ವಿಳಾಸವೇ ಗೊತ್ತಿಲ್ಲದಿದ್ದರೆ ಫೋನಿನ ವೈಫೈ ವಿವರದಲ್ಲಿ 'ಗೇಟ್‌ವೇ' ಎಂದಿರುವ ಸಂಖ್ಯೆ ನೋಡಿ. 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ. ಮನೆಯೊಳಗಿನ ಪುಟಕ್ಕೆ ಸಾಮಾನ್ಯವಾಗಿ ಹೊರಗಿನ ಪ್ರಮಾಣಪತ್ರ ಇರುವುದಿಲ್ಲ, ಅಷ್ಟೇ.

ಇಂಥ ಪೆಟ್ಟಿಗೆಗಳು ನಮ್ಮಲ್ಲಿ ಹಬ್ಬಿದ್ದು 2005ರ ನಂತರ. 2004ರ ಅಕ್ಟೋಬರ್‌ನ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗವನ್ನೇ 'ಬ್ರಾಡ್‌ಬ್ಯಾಂಡ್' ಎಂದು ಕರೆದಿತ್ತು, ಈಗ ಕೇಳಿದರೆ ನಗು ಬರುತ್ತದೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಬೆಳಗಾವಿ ಆಗಿನ್ನೂ ಸರಕಾರಿ ಕಾಗದದಲ್ಲಿ ಬೆಳಗಾಂ. ಲ್ಯಾಂಡ್‌ಲೈನ್ ತಂತಿಗೆ ಮೋಡೆಮ್ ಕೂಡಿಸಿದರೆ ಆಯಿತು. ಒಳಪುಟಕ್ಕೆ ಹೋಗಲು ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಅದನ್ನು ಬದಲಿಸಿ ಎಂದು ಹೇಳುವವರೇ ಕಡಿಮೆ. ಪೆಟ್ಟಿಗೆ ಹಚ್ಚಿದವರ ಕೆಲಸ ಹಸಿರು ದೀಪ ಹತ್ತುವವರೆಗೆ ಮಾತ್ರ.

ಅದರ ಬೆಲೆ ತೆತ್ತಿದ್ದು 2017ರಲ್ಲಿ. ಅದರ ಹಿಂದಿನ ವರ್ಷವೇ ಮಿರಾಯ್ ಎಂಬ ಕುತಂತ್ರಾಂಶ ಇಂಥ ಸಿದ್ಧ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಹಿಡಿದುಕೊಂಡು ಜಗತ್ತಿನ ಕ್ಯಾಮೆರಾ, ರೌಟರ್‌ಗಳೊಳಗೆ ನುಗ್ಗಿತ್ತು. 2016ರ ಅಕ್ಟೋಬರ್ 21ರಂದು ಅದರ ಹೊಡೆತಕ್ಕೆ ಅಮೆರಿಕದಲ್ಲಿ ಟ್ವಿಟರ್‌ನಂಥ ದೊಡ್ಡ ತಾಣಗಳೇ ತಾಸುಗಟ್ಟಲೆ ಸಿಗಲಿಲ್ಲ. 2017ರ ಜುಲೈ ಕೊನೆಗೆ ಸರದಿ ಕರ್ನಾಟಕದ್ದು. ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಪಾಸ್‌ವರ್ಡ್ ಬದಲಿಸದ ಸಾವಿರಾರು ಮೋಡೆಮ್‌ಗಳಿಗೆ ಕುತಂತ್ರಾಂಶ ತಗುಲಿತು. ಗ್ರಾಹಕರೆಲ್ಲ ಕೂಡಲೇ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕು ಎಂದು ಸಂಸ್ಥೆ ಕೇಳಿಕೊಂಡಿತು. ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶ ಬರೆದವನು ಇದು ತನ್ನದೇ ಕೆಲಸ ಎಂದು ಹೇಳಿಕೊಂಡ. ಮಿರಾಯ್ ಕೈಗೆ ಸಿಗುವ ಮೊದಲೇ ಇಂಥ ಪೆಟ್ಟಿಗೆಗಳನ್ನು ಕೆಡಿಸಿಬಿಡುತ್ತೇನೆ ಎಂಬುದು ಅವನ ವಾದ. ಕಳ್ಳ ಬರಬಾರದೆಂದು ಮನೆಯನ್ನೇ ಕೆಡವಿದಂತೆ ಇದು, ನಮಗೆ ಒಪ್ಪಿಗೆಯಿಲ್ಲ. ಹಾಗೆಂದು ಲಕ್ಷಾಂತರ ಮನೆಗಳಿಗೆ ಒಂದೇ ಕೀಲಿ ಕೊಟ್ಟವರದ್ದು ಸಣ್ಣ ತಪ್ಪೂ ಅಲ್ಲ.

ಈಗಿನ ಗೋಳು ಬೇರೆ ಬಗೆಯದು. ಖಾನಾಪುರ ಕಡೆಯ ದಪ್ಪ ಗೋಡೆಯ ಹೆಂಚಿನ ಮನೆಗಳಲ್ಲಿ ಪಡಸಾಲೆಯ ವೈಫೈ ಅಡುಗೆಮನೆಗೆ ಮುಟ್ಟುವುದಿಲ್ಲ. ಅದಕ್ಕೆ ಎಕ್ಸ್‌ಟೆಂಡರ್ ಬರುತ್ತದೆ, ಇಲ್ಲವೇ ಕರೆಂಟಿನ ತಂತಿಯಲ್ಲೇ ನೆಟ್ ಸಾಗಿಸುವ ಅಡಾಪ್ಟರ್. ಮೊದಲ ದಿನ ಎಕ್ಸ್‌ಟೆಂಡರ್‌ನ ಪುಟ ಡಬ್ಬಿಯ ಮೇಲಿನ ವಿಳಾಸದಲ್ಲಿ ತೆರೆಯುತ್ತದೆ. ಮುಖ್ಯ ರೌಟರ್‌ಗೆ ಜೋಡಿಯಾದ ಮೇಲೆ ರೌಟರ್ ಅದಕ್ಕೆ ಹೊಸ ವಿಳಾಸ ಕೊಡುತ್ತದೆ, ಹಳೆಯದು ಉಪಯೋಗಕ್ಕೆ ಬರುವುದಿಲ್ಲ. ರೌಟರ್‌ನ ಪುಟದಲ್ಲಿ ಜೋಡಿಯಾದ ಸಾಧನಗಳ ಪಟ್ಟಿಯಿದೆ, ಹೊಸ ವಿಳಾಸ ಅಲ್ಲಿ ಸಿಗುತ್ತದೆ. ಅಗ್ಗದ ಕೆಲವು ಪವರ್‌ಲೈನ್ ಅಡಾಪ್ಟರ್‌ಗಳಿಗಂತೂ ಪುಟವೇ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ.

ಹಳೆಯ ಮೋಡೆಮ್‌ಗೆ ಹೊಸ ರೌಟರ್ ಹಚ್ಚಿ, ಎರಡರ ವಿಳಾಸವೂ 192.168.1.1 ಆಗಿದ್ದರೆ ಒಂದೇ ಊರಿನಲ್ಲಿ ಎರಡು ಹನುಮಪ್ಪನ ಗುಡಿ ಆದಂತೆ. ಹತ್ತಿರದ್ದು ಮಾತ್ರ ಉತ್ತರ ಕೊಡುತ್ತದೆ. ಹೊಸದರ ವಿಳಾಸವನ್ನು 192.168.2.1 ಮಾಡಿದರೆ ಜಗಳ ಮುಗಿಯಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್ 169.254ರಿಂದ ಶುರುವಾಗುವ ವಿಳಾಸ ತೋರಿಸಿದರೆ, ಅದಕ್ಕೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಮೊದಲು ಮುಖ್ಯ ಪೆಟ್ಟಿಗೆ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಉಳಿದವನ್ನು ಹಚ್ಚಿ.

ಏನೂ ಆಗದಿದ್ದರೆ ಹಿಂಬದಿಯ ಸಣ್ಣ ತೂತಿಗೆ ಸೂಜಿ ಚುಚ್ಚುವ ಮನಸ್ಸಾಗುತ್ತದೆ. ಸ್ವಲ್ಪ ತಡೆಯಿರಿ. ರೀಸೆಟ್ ಆದರೆ ಕಂಪನಿ ಕೊಟ್ಟ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಅಳಿಸಿ ಹೋಗಬಹುದು. ಬೆಳಗಾವಿಯಲ್ಲಾದರೆ ಸಂಜೆಯೊಳಗೆ ಯಾರಾದರೂ ಬಂದಾರು. ಕಣಕುಂಬಿಯ ಮಳೆಯಲ್ಲಿ, ಮಕ್ಕಳ ಪರೀಕ್ಷೆ ಅರ್ಜಿಯ ಕೊನೆಯ ದಿನ ಹೀಗಾದರೆ? ಆ ಎರಡು ವಿವರಗಳನ್ನು ಕಂಪನಿಯವರಿಂದ ಈಗಲೇ ಕೇಳಿ, ಪಾಸ್‌ಬುಕ್ ಇಡುವ ಜಾಗದಲ್ಲಿ ಬರೆದಿಡಿ.

ಬ್ರಿಟನ್ನಿನಲ್ಲಿ ಎಲ್ಲ ಪೆಟ್ಟಿಗೆಗೂ ಒಂದೇ ಸಿದ್ಧ ಪಾಸ್‌ವರ್ಡ್ ಇಟ್ಟು ಮಾರುವುದು 2024ರ ಏಪ್ರಿಲ್ 29ರಿಂದ ಕಾನೂನುಬಾಹಿರ. ನಮ್ಮಲ್ಲೂ ಈಗ ಬರುವ ಅನೇಕ ಫೈಬರ್ ಪೆಟ್ಟಿಗೆಗಳ ತಳದ ಚೀಟಿಯಲ್ಲಿ ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್ ಅಚ್ಚಾಗಿರುತ್ತದೆ. ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಗೋಡೆಗೆ ಮೊಳೆ ಹೊಡೆದು ಪೆಟ್ಟಿಗೆ ತೂಗುಹಾಕಿದ ಮೇಲೆ ಅದು ಕಾಣುವುದಿಲ್ಲ.