ಬಿಳಿಯ ಹಿನ್ನೆಲೆಯ ನಿವಾರಣೆ: ಒಂದು ಚಾರಿತ್ರಿಕ ಅವಲೋಕನ

ಕನ್ನಡದಲ್ಲಿ 'ಹಿನ್ನೆಲೆ' ಎಂಬ ಪದವು ಎರಡು ಮುಖ್ಯ ಅರ್ಥಗಳಲ್ಲಿ ಬಳಕೆಯಾಗುತ್ತದೆ. ಚಿತ್ರವೊಂದರಲ್ಲಿ ಆಕೃತಿಯ ಹಿಂದೆ ಇರುವ ನೆಲ ಮೊದಲನೆಯದು. ಮಾತಿಗೆ ಅಥವಾ ಘಟನೆಗೆ ಅರ್ಥವನ್ನು ಒದಗಿಸುವ ಸಂದರ್ಭ ಎರಡನೆಯದು. ಗಣಕಯಂತ್ರದ ವಿನ್ಯಾಸ ತಂತ್ರಾಂಶಗಳಲ್ಲಿ ಚಿತ್ರದ ಬಿಳಿಯ ಹಿನ್ನೆಲೆಯನ್ನು ತೆಗೆದುಹಾಕುವ ಕೆಲಸವು ಮೇಲ್ನೋಟಕ್ಕೆ ಮೊದಲನೆಯ ಅರ್ಥಕ್ಕೆ ಮಾತ್ರ ಸಂಬಂಧಿಸಿದ್ದು. ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಪುಸ್ತಕದ ಮುಖಪುಟ ಇವೆಲ್ಲವೂ ಸಿದ್ಧವಾಗುವ ಡಿಟಿಪಿ ಕೇಂದ್ರಗಳಲ್ಲಿ ಇದು ದಿನನಿತ್ಯದ ಕಸುಬು. ಆದರೆ ಜನಪದ ಚಿತ್ರಗಳು ಈ ತಂತ್ರಾಂಶಗಳ ಮೂಲಕ ಹಾದು ಹೊಸ ರೂಪ ತಾಳುತ್ತಿರುವ ಕಾಲದಲ್ಲಿ ಎರಡನೆಯ ಅರ್ಥವನ್ನು ಮರೆಯುವಂತಿಲ್ಲ. ಈ ತಂತ್ರದ ಚರಿತ್ರೆಯನ್ನು ಸ್ಥೂಲವಾಗಿ ಗುರುತಿಸಿ, 'ಬಿಳಿ ಎಂದರೆ ಖಾಲಿ' ಎಂಬ ಅದರ ಮೂಲ ಗ್ರಹಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಕಪೂರ್ವ ಕಾಲದ ಪ್ರಯತ್ನಗಳು

ಆಕೃತಿಯನ್ನು ಅದರ ನೆಲದಿಂದ ಬಿಡಿಸುವ ಆಸೆ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಮುಖದ ಪಾರ್ಶ್ವನೋಟವನ್ನು ಕಪ್ಪು ಕಾಗದದಲ್ಲಿ ಕತ್ತರಿಸುವ ಕಲೆ ಜನಪ್ರಿಯವಾಗಿತ್ತು. 1759ರಲ್ಲಿ ಫ್ರಾನ್ಸಿನ ಹಣಕಾಸು ಸಚಿವನಾಗಿದ್ದ ಎತಿಯೆನ್ ದ ಸಿಲುಯೆತ್‌ನ ಹೆಸರೇ ಈ ಛಾಯಾಕೃತಿಗಳಿಗೆ ಅಂಟಿಕೊಂಡಿತು. ಛಾಯಾಗ್ರಹಣ ಬಂದ ಮೇಲೆ ಹಲವು ನೆಗೆಟಿವ್‌ಗಳ ಬೇಕಾದ ಭಾಗಗಳನ್ನು ಮಾತ್ರ ಮುದ್ರಿಸಿ ಒಂದೇ ಚಿತ್ರವಾಗಿ ಕೂಡಿಸುವ ಕ್ರಮ ಬೆಳೆಯಿತು. ಆಸ್ಕರ್ ರೈಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ರಚಿಸಿದ 'ಟೂ ವೇಸ್ ಆಫ್ ಲೈಫ್' ಇದಕ್ಕೆ ಪ್ರಸಿದ್ಧ ನಿದರ್ಶನ. ಮುದ್ರಣಾಲಯಗಳಲ್ಲಿ ಬ್ಲಾಕ್ ತಯಾರಿಸುವ ಮುನ್ನ ಆಕೃತಿಯ ಸುತ್ತ ಬಿಳಿಯ ಬಣ್ಣ ಬಳಿದು ಹಿನ್ನೆಲೆಯನ್ನು ಅಳಿಸುವ ಕುಶಲಕರ್ಮಿಗಳಿದ್ದರು. ಇಲ್ಲಿ ಒಂದು ಅಂಶ ಗಮನಾರ್ಹ. ಅಂದು ಹಿನ್ನೆಲೆಯನ್ನು ತೆಗೆಯುವುದೆಂದರೆ ಅದನ್ನು ಬಿಳಿಯಾಗಿಸುವುದೇ ಆಗಿತ್ತು. ಕಾಗದದ ಬಿಳುಪೇ ಶೂನ್ಯದ ಬಣ್ಣವೆಂಬ ಭಾವನೆ ಮುದ್ರಣ ಸಂಸ್ಕೃತಿಯಲ್ಲಿ ನೆಲೆಗೊಂಡದ್ದು ಹೀಗೆ.

ಈ ಸಮಸ್ಯೆಗೆ ಸ್ಪಷ್ಟವಾದ ತಾಂತ್ರಿಕ ಪರಿಹಾರವನ್ನು ಅರಸಿದ್ದು ಚಲನಚಿತ್ರ ಮಾಧ್ಯಮ. ಫ್ರಾಂಕ್ ವಿಲಿಯಮ್ಸ್ ಕಪ್ಪು ಹಿನ್ನೆಲೆಯ ಮುಂದೆ ನಟರನ್ನು ಚಿತ್ರೀಕರಿಸಿ ಬೇರೆ ದೃಶ್ಯದೊಂದಿಗೆ ಕೂಡಿಸುವ ವಿಧಾನಕ್ಕೆ 1918ರಲ್ಲಿ ಪೇಟೆಂಟ್ ಪಡೆದನು. ಬಣ್ಣದ ಚಿತ್ರಗಳಲ್ಲಿ ನೀಲಿ ತೆರೆಯ ತಂತ್ರವನ್ನು ಲ್ಯಾರಿ ಬಟ್ಲರ್ 1940ರ 'ದ ಥೀಫ್ ಆಫ್ ಬಾಗ್ದಾದ್' ಚಿತ್ರಕ್ಕಾಗಿ ರೂಪಿಸಿದನು. ಮನುಷ್ಯನ ಮೈಬಣ್ಣದಿಂದ ನೀಲಿಯು ಬಹಳ ದೂರವಿರುವುದು ಆ ಆಯ್ಕೆಗೆ ಕಾರಣ. ಆ ಚಿತ್ರದಲ್ಲಿ ಅಬು ಎಂಬ ಕಳ್ಳ ಹುಡುಗನಾಗಿ ನಟಿಸಿದ ಸಾಬು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಜನಿಸಿದವನು. 1937ರ 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಮೈಸೂರು ಸೀಮೆಯ ಕಾಡನ್ನೇ ಹಿನ್ನೆಲೆಯಾಗಿ ಪಡೆದಿದ್ದ ಈ ಬಾಲಕ, ಮೂರು ವರ್ಷಗಳ ತರುವಾಯ ಹಿನ್ನೆಲೆಯನ್ನೇ ಬದಲಾಯಿಸಬಲ್ಲ ತಂತ್ರದ ಮೊದಲ ಮಹತ್ವದ ಪ್ರಯೋಗದಲ್ಲಿ ಪಾಲುಗೊಂಡನು. ಮುಂದೆ ಪೆಟ್ರೋ ವ್ಲಾಹೋಸ್ 'ಬೆನ್ ಹರ್' (1959) ಚಿತ್ರದ ಸಂದರ್ಭದಲ್ಲಿ ಈ ವಿಧಾನವನ್ನು ಪರಿಷ್ಕರಿಸಿ, ಕೂದಲು, ಹೊಗೆ, ಗಾಜು ಮುಂತಾದವುಗಳ ಅಂಚನ್ನೂ ಉಳಿಸಿಕೊಳ್ಳಲು ಹಾದಿ ಮಾಡಿದನು.

ಪಾರದರ್ಶಕತೆಯ ಲೆಕ್ಕ

ಗಣಕಯಂತ್ರದ ಚಿತ್ರದಲ್ಲಿ ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳ ಸಮೂಹ. ಸಾಮಾನ್ಯ ಚಿತ್ರಗಳಲ್ಲಿ ಪ್ರತಿ ಅಂಕಿಯೂ 0ಯಿಂದ 255ರವರೆಗೆ ಇರುತ್ತದೆ. ಮೂರೂ 255 ಆದಾಗ ಅಚ್ಚ ಬಿಳಿ. ಈ ವ್ಯವಸ್ಥೆಯಲ್ಲಿ 'ಇಲ್ಲಿ ಏನೂ ಇಲ್ಲ' ಎಂದು ಹೇಳಲು ಅವಕಾಶವಿರಲಿಲ್ಲ. 1977ರಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಪ್ರತಿ ಬಿಂದುವಿಗೂ ನಾಲ್ಕನೆಯ ಅಂಕಿಯೊಂದನ್ನು ಜೋಡಿಸಿದರು. 'ಆಲ್ಫಾ' ಎಂಬ ಹೆಸರಿನ ಈ ಅಂಕಿ ಆ ಬಿಂದು ಎಷ್ಟರ ಮಟ್ಟಿಗೆ ಆಕೃತಿಗೆ ಸೇರಿದೆ ಎಂಬುದನ್ನು ಸೂಚಿಸುತ್ತದೆ. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ತಮ್ಮ ಪ್ರಬಂಧದಲ್ಲಿ ಇಂಥ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಬೀಜಗಣಿತವನ್ನು ನಿರೂಪಿಸಿದರು. ಖಾಲಿತನಕ್ಕೆ ಬಿಳಿಯಿಂದ ಬೇರೆಯಾದ ಒಂದು ಗುರುತು ದೊರೆತದ್ದು ಈ ಹಂತದಲ್ಲಿ.

ಇದು ಜನಸಾಮಾನ್ಯರ ಕೈಗೆ ಬಂದದ್ದು ಕ್ರಮೇಣ. 1989ರ ಜಿಫ್ ಕಡತ ಸ್ವರೂಪದಲ್ಲಿ ಯಾವುದಾದರೂ ಒಂದು ಬಣ್ಣವನ್ನು ಪಾರದರ್ಶಕವೆಂದು ಘೋಷಿಸಬಹುದಿತ್ತು. ಅರೆಪಾರದರ್ಶಕತೆಗೆ ಅಲ್ಲಿ ಎಡೆಯಿರಲಿಲ್ಲ. 1996ರ ಪಿಎನ್‌ಜಿ ಸ್ವರೂಪ ಆ ಕೊರತೆಯನ್ನು ನೀಗಿಸಿತು. ಥಾಮಸ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಬಿಡುಗಡೆಯಾಯಿತು. ಅದರ 'ಮ್ಯಾಜಿಕ್ ವಾಂಡ್' ಎಂಬ ಮಾಂತ್ರಿಕ ದಂಡವು ಒಂದು ಬಿಂದುವನ್ನು ಮುಟ್ಟಿದೊಡನೆ ಅದಕ್ಕೆ ಸಮೀಪದ ಬಣ್ಣದ ಬಿಂದುಗಳನ್ನು ಆರಿಸಿಕೊಡುತ್ತದೆ. 1994ರ ಮೂರನೆಯ ಆವೃತ್ತಿಯಲ್ಲಿ ಪದರಗಳು ಬಂದವು. 1999ರ 5.5ನೆಯ ಆವೃತ್ತಿಯಲ್ಲಿ ಹಿನ್ನೆಲೆಯನ್ನು ಅಳಿಸುವುದಕ್ಕೆಂದೇ ವಿಶೇಷ ಉಪಕರಣಗಳು ಸೇರಿದವು. 2018ರ ಅನಂತರ ಯಂತ್ರಕಲಿಕೆಯ ಬಲದಿಂದ ಒಂದೇ ಗುಂಡಿಯನ್ನು ಒತ್ತಿ ಹಿನ್ನೆಲೆ ತೆಗೆಯುವ ಸೌಲಭ್ಯ ವ್ಯಾಪಕವಾಗಿದೆ.

ಎರಡು ಬಗೆಯ ಬಿಳಿ

ಇಷ್ಟೆಲ್ಲ ಬೆಳವಣಿಗೆಯ ನಡುವೆಯೂ ಮೂಲ ಸಮಸ್ಯೆಯೊಂದು ಉಳಿದೇ ಇದೆ. ಬಿಳಿಯ ಕಾಗದದಿಂದ ಸ್ಕ್ಯಾನ್ ಮಾಡಿದ ಗಣಪತಿಯ ಚಿತ್ರವನ್ನು ಅರಿಶಿನ ಬಣ್ಣದ ವಿನ್ಯಾಸದ ಮೇಲೆ ಇರಿಸಿದಾಗ ಸುತ್ತಲೂ ಬಿಳಿಯ ಚೌಕ ಕಾಣಿಸುತ್ತದೆ. 'ಮಲ್ಟಿಪ್ಲೈ' ಎಂಬ ಗುಣಾಕಾರ ಕ್ರಮವನ್ನು ಬಳಸಿದರೆ ಬಿಳಿಯು ಒಂದು ಎಂಬ ಬೆಲೆ ಪಡೆದು, ಕೆಳಗಿನ ಬಣ್ಣ ಹಾಗೆಯೇ ಉಳಿಯುತ್ತದೆ. ಚೌಕ ಮಾಯವಾಗುತ್ತದೆ, ಆದರೆ ಗಣಪತಿಯ ಬಿಳಿಯ ದಂತವೂ ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ನೆಲದ ಬಿಳಿಗೂ ದಂತದ ಬಿಳಿಗೂ ಅಂಕಿಯಲ್ಲಿ ಭೇದವಿಲ್ಲ. ಭೇದವಿರುವುದು ಅರ್ಥದಲ್ಲಿ.

ಆಲ್ವಿ ರೇ ಸ್ಮಿತ್ ಮತ್ತು ಜೇಮ್ಸ್ ಬ್ಲಿನ್ 1996ರಲ್ಲಿ ಇದನ್ನು ಗಣಿತದ ಭಾಷೆಯಲ್ಲಿ ವಿವರಿಸಿದರು. ಒಂದು ಬಿಂದುವಿನಲ್ಲಿ ತಿಳಿಯಬೇಕಾದವು ನಾಲ್ಕು: ಆಕೃತಿಯ ಮೂರು ಬಣ್ಣದ ಅಂಕಿಗಳು ಮತ್ತು ಆಲ್ಫಾ. ದೊರೆಯುವ ಸಮೀಕರಣಗಳು ಮೂರು ಮಾತ್ರ. ಹಿನ್ನೆಲೆಯ ಬಣ್ಣ ತಿಳಿದಿದ್ದರೂ ಬೇರೆ ಆಧಾರವಿಲ್ಲದಿದ್ದರೆ ಅಸಂಖ್ಯ ಉತ್ತರಗಳು ಸಾಧ್ಯ. ಅದೇ ವಸ್ತುವನ್ನು ಎರಡು ಬೇರೆ ಬೇರೆ ಬಣ್ಣದ ಹಿನ್ನೆಲೆಗಳ ಮುಂದೆ ಇಟ್ಟು ನೋಡಿದರೆ ಮಾತ್ರ ನಿಶ್ಚಿತ ಉತ್ತರ ದೊರೆಯುತ್ತದೆ. ಉಳಿದೆಲ್ಲ ಉಪಕರಣಗಳು, ಯಂತ್ರಕಲಿಕೆಯೂ ಸೇರಿದಂತೆ, ಊಹೆಯನ್ನೇ ಆಶ್ರಯಿಸಿವೆ.

ಜಾನಪದ ಅಧ್ಯಯನಕ್ಕೆ ಈ ನಿಯಮ ಅಪರಿಚಿತವಲ್ಲ. ಒಂದು ಕಥೆಯ ಸ್ವರೂಪವನ್ನು ಅರಿಯಲು ಒಂದೇ ಪಾಠ ಸಾಲದು, ಬೇರೆ ಬೇರೆ ಕಡೆಯ ಪಾಠಾಂತರಗಳು ಬೇಕು ಎಂಬುದು ಈ ಶಾಸ್ತ್ರದ ಹಳೆಯ ತಿಳಿವಳಿಕೆ. ಅಲನ್ ಡಂಡೀಸ್ 1964ರಲ್ಲಿ ಪಠ್ಯದ ಜೊತೆಗೆ ಸಂದರ್ಭವನ್ನೂ ದಾಖಲಿಸಬೇಕೆಂದು ಪ್ರತಿಪಾದಿಸಿದಾಗ, ಡ್ಯಾನ್ ಬೆನ್ ಅಮೋಸ್ 1971ರಲ್ಲಿ ಸಂದರ್ಭದಲ್ಲಿಯೇ ಜಾನಪದವನ್ನು ನಿರ್ವಚಿಸಿದಾಗ ಒತ್ತು ಬಿದ್ದದ್ದು ಹಿನ್ನೆಲೆಯ ಮೇಲೆಯೇ.

ಜನಪದ ಚಿತ್ರ ಮತ್ತು ತಂತ್ರಾಂಶ

ಮಲೆನಾಡಿನ ದೀವರ ಹಸೆ ಚಿತ್ತಾರವನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಲ್ಲಿ ಎಳೆಗಳನ್ನು ಎಳೆಯಲಾಗುತ್ತದೆ. ಇಲ್ಲಿ ಬಿಳಿಯೇ ಆಕೃತಿ, ಮಣ್ಣೇ ಹಿನ್ನೆಲೆ. 'ಬಿಳಿಯನ್ನು ತೆಗೆ' ಎಂಬ ಆಜ್ಞೆಯನ್ನು ಈ ಚಿತ್ರಕ್ಕೆ ಅನ್ವಯಿಸಿದರೆ ಚಿತ್ತಾರವೇ ಅಳಿದು ಗೋಡೆ ಉಳಿಯುತ್ತದೆ. ಮಣ್ಣನ್ನು ತೆಗೆದು ಎಳೆಗಳನ್ನಷ್ಟೇ ಉಳಿಸಿಕೊಂಡರೂ ನಷ್ಟ ತಪ್ಪದು. ಗೋಡೆಯ ಉಬ್ಬುತಗ್ಗು, ಮದುಮಕ್ಕಳು ಕೂರುವ ಹಸೆಯ ಜಾಗ, ಮನೆಯೊಳಗೆ ಆ ಗೋಡೆಗಿರುವ ಸ್ಥಾನ ಇವು ಯಾವುವೂ ಉಳಿಯುವುದಿಲ್ಲ. ಉಳಿಯುವುದು ಎಲ್ಲಿ ಬೇಕಾದರೂ ಅಂಟಿಸಬಹುದಾದ ಒಂದು ಅಲಂಕಾರ.

ತೊಗಲುಗೊಂಬೆಯದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಹದಮಾಡಿದ ತೊಗಲಿನಲ್ಲಿ ಆಕೃತಿಯನ್ನು ಕತ್ತರಿಸಿ, ಒಡವೆ ಮತ್ತು ಉಡುಗೆಯ ವಿವರಗಳಿಗಾಗಿ ಸಣ್ಣ ರಂಧ್ರಗಳನ್ನು ಕೊರೆಯಲಾಗುತ್ತದೆ. ತೆರೆಯ ಮೇಲೆ ರಂಧ್ರವು ಪೂರ್ಣ ಬೆಳಕನ್ನೂ ಬಣ್ಣ ಹಚ್ಚಿದ ತೆಳು ತೊಗಲು ಅರೆಬೆಳಕನ್ನೂ ಬಿಡುತ್ತವೆ. ದಟ್ಟ ಕಪ್ಪು ಬೆಳಕನ್ನು ತಡೆಯುತ್ತದೆ. ಆಲ್ಫಾ ಅಂಕಿ ಹೇಳುವ ಶ್ರೇಣಿ ಇದೇ ಆಗಿದೆ. ಬಿಳಿಯ ಬಟ್ಟೆಯ ಮೇಲಿಟ್ಟು ತೆಗೆದ ಗೊಂಬೆಯ ಚಿತ್ರದಲ್ಲಿ ಮಾಂತ್ರಿಕ ದಂಡವನ್ನು ಹೊಂದಿಕೊಂಡ ಬಿಂದುಗಳಿಗೆ ಸೀಮಿತಗೊಳಿಸಿದರೆ ಹೊರಗಿನ ಬಿಳಿ ಹೋಗಿ, ರಂಧ್ರಗಳು ಬಿಳಿಯ ಚುಕ್ಕೆಗಳಾಗಿ ಮುಚ್ಚಿಹೋಗುತ್ತವೆ. ಮಿತಿಯನ್ನು ಸಡಿಲಿಸಿದರೆ ರಂಧ್ರಗಳು ತೆರೆಯುತ್ತವೆ. ಆದರೆ ಕಣ್ಣಿನ ಬಿಳುಪು ಅಥವಾ ಬಣ್ಣವಿಲ್ಲದ ತಿಳಿ ತೊಗಲು ಸಹ ಕಣ್ಮರೆಯಾಗಬಹುದು. ಯಾವ ಬಿಳಿ ಬೆಳಕು, ಯಾವ ಬಿಳಿ ತೊಗಲು ಎಂಬುದನ್ನು ಆಟ ಬಲ್ಲವರು ಮಾತ್ರ ಹೇಳಬಲ್ಲರು.

ತಂತ್ರಾಂಶದಲ್ಲಿ ಹಿನ್ನೆಲೆಯನ್ನು ನಿವಾರಿಸಲು ಎರಡು ಹಾದಿಗಳಿವೆ. ಬಿಂದುಗಳನ್ನು ಅಳಿಸಿಹಾಕುವುದು ಒಂದು. ಪದರಕ್ಕೆ ಮುಸುಕು ಹಾಕಿ ಅವುಗಳನ್ನು ಮರೆಮಾಡುವುದು ಮತ್ತೊಂದು. ಅಳಿಸಿ ಉಳಿಸಿದ ಕಡತದಲ್ಲಿ ಮಣ್ಣಿನ ಗೋಡೆ ಮತ್ತೆ ದೊರೆಯದು. ಮುಸುಕನ್ನು ಸರಿಸಿದರೆ ಅದು ಇದ್ದಂತೆಯೇ ಕಾಣುತ್ತದೆ. ಗೋಡೆಗಳು ಸಿಮೆಂಟಿಗೆ ತಿರುಗುತ್ತಿರುವಾಗ ಮತ್ತು ಎಷ್ಟೋ ಚಿತ್ತಾರಗಳಿಗೆ ಛಾಯಾಚಿತ್ರವೇ ಕಡೆಯ ಸಾಕ್ಷಿಯಾಗುತ್ತಿರುವಾಗ ಈ ವ್ಯತ್ಯಾಸವನ್ನು ಕೇವಲ ತಾಂತ್ರಿಕವೆನ್ನಲಾಗದು. ಜನಪದ ಚಿತ್ರಗಳನ್ನು ಗಣಕೀಕರಿಸುವ ವಸ್ತುಸಂಗ್ರಹಾಲಯಗಳು, ವಿಶ್ವವಿದ್ಯಾಲಯಗಳು ಮತ್ತು ಅಕಾಡೆಮಿಗಳು ಮೂಲಚಿತ್ರವನ್ನು ಹಿನ್ನೆಲೆಯ ಸಮೇತ ಕಾಯ್ದಿರಿಸಬೇಕು. ಸಾಧ್ಯವಿದ್ದೆಡೆ ಒಂದೇ ಗೊಂಬೆಯನ್ನು ಎರಡು ಬಣ್ಣದ ನೆಲಗಳ ಮೇಲೆ ಹಾಗೂ ಬೆಳಗಿದ ತೆರೆಯ ಮೇಲೆ ದಾಖಲಿಸಬೇಕು. ಬಿಡಿಸಿದ ಆಕೃತಿ ಕರೆಯೋಲೆಗೂ ಮುಖಪುಟಕ್ಕೂ ಒದಗಲಿ. ಅದು ನಿಂತಿದ್ದ ನೆಲ ಮುಂದಿನ ಪೀಳಿಗೆಯ ಅಧ್ಯಯನಕ್ಕೆ ಉಳಿದಿರಲಿ.