ಪತ್ರಿಕೆಯ ಕಟ್ಟು ಯಾರ ಕೈಯಲ್ಲಿ?

ಮುಂಜಾನೆ ಪತ್ರಿಕೆಯನ್ನು ಬಿಡಿಸುವ ವಾಚಕನು ಬರೆದವರನ್ನು ನೆನೆಯುತ್ತಾನೆ. ಅಚ್ಚು ಹಾಕಿದವರನ್ನೂ ನೆನೆದಾನು. ಕಟ್ಟನ್ನು ಊರೂರಿಗೆ ಮುಟ್ಟಿಸಿದವನ ನೆನಪು ಅವನಿಗಾಗುವುದು ಅಪರೂಪ. ಬಸ್ಸಿನಿಂದಿಳಿಯುವ ಕನ್ನಡ ಪತ್ರಿಕೆಯ ಕಟ್ಟಿಗಾಗಿ ಕಾದು ನಿಂತ ಗಡಿನಾಡಿನ ಅಧ್ಯಾಪಕರಾದ ನಮಗಂತೂ ಈ ಮರೆವು ಸಲ್ಲದು. ಆ ಸಗಟು ವ್ಯಾಪಾರದ ಚರಿತ್ರೆಯನ್ನು ಇಂಗ್ಲೆಂಡಿನಲ್ಲಿ ಚೆನ್ನಾಗಿ ನೋಡಬಹುದು.

1792ರಲ್ಲಿ ಲಂಡನ್ನಿನಲ್ಲಿ ಸ್ಮಿತ್ ದಂಪತಿಗಳು ಚಿಕ್ಕದೊಂದು ಪತ್ರಿಕೆಯಂಗಡಿಯನ್ನು ತೆರೆದರು. ಅವರ ಮಗನು ವೇಗದ ಕುದುರೆಗಾಡಿಗಳನ್ನು ಹೂಡಿ, ಉಳಿದವರಿಗಿಂತ ಮೊದಲೇ ಹಳ್ಳಿಗಾಡಿಗೆ ಸುದ್ದಿಯನ್ನು ಮುಟ್ಟಿಸಿ ಹೆಸರು ಗಳಿಸಿದನು. ಮೊಮ್ಮಗನ ಕಾಲಕ್ಕೆ ರೈಲು ಬಂದಿತು. 1848ರ ನವೆಂಬರ್ 1ರಂದು ಯೂಸ್ಟನ್ ನಿಲ್ದಾಣದಲ್ಲಿ ಸ್ಮಿತ್ ಸಂಸ್ಥೆಯ ಮೊದಲ ಪುಸ್ತಕದಂಗಡಿ ತಲೆಯೆತ್ತಿತು. (ಈ ಪತ್ರಿಕಾ ವ್ಯಾಪಾರಿಯೇ 1877ರಲ್ಲಿ ನೌಕಾಖಾತೆಯ ಮಂತ್ರಿಯಾದುದು ಬೇರೊಂದು ವಿನೋದ.) ಸ್ಕಾಟ್‌ಲೆಂಡಿನಲ್ಲಿ ಜಾನ್ ಮೆಂಜೀಸ್ 1833ರಲ್ಲೇ ಎಡಿನ್‌ಬರೋದಲ್ಲಿ ಅಂಗಡಿಯಿಟ್ಟಿದ್ದನು.

ಬಹುಕಾಲ ಒಂದೇ ಪಟ್ಟಣಕ್ಕೆ ಇಬ್ಬರು ಮೂವರು ಸಗಟು ವ್ಯಾಪಾರಿಗಳು ಪತ್ರಿಕೆ ಒದಗಿಸುವುದು ಸಾಮಾನ್ಯವಾಗಿತ್ತು. ಆದರೂ ಚಿಲ್ಲರೆ ಅಂಗಡಿಯವನ ಪಾಡು ಸುಖದ್ದಾಗಿರಲಿಲ್ಲ. ನಿನ್ನ ಅಂಗಡಿಗೆ ಪತ್ರಿಕೆ ಕೊಡುವುದಿಲ್ಲ ಎಂದು ಸಗಟುದಾರನು ಹೇಳಿದರೆ ಮುಗಿಯಿತು! ಸರ್ಕಾರದ ಏಕಸ್ವಾಮ್ಯ ವಿಚಾರಣಾ ಆಯೋಗವು 1978ರಲ್ಲೂ ಮತ್ತೆ 1993ರಲ್ಲೂ ಇದನ್ನು ಪರಿಶೀಲಿಸಿತು. 1994ರಲ್ಲಿ ವ್ಯಾಪಾರಿಗಳಿಗೆ ನಡವಳಿಕೆಯ ನಿಯಮಾವಳಿ ಬಂದಿತು.

ಈ ಎರಡು ವಿಚಾರಣೆಗಳ ನಡುವೆಯೇ ವ್ಯಾಪಾರದ ರೂಪ ಬದಲಾಗಿತ್ತು. 1986ರಲ್ಲಿ ರೂಪರ್ಟ್ ಮರ್ಡಾಕ್ ತನ್ನ ಪತ್ರಿಕೆಗಳ ಮುದ್ರಣವನ್ನು ವಾಪಿಂಗ್‌ಗೆ ಒಯ್ದು, ಕಟ್ಟುಗಳನ್ನು ರೈಲಿನಿಂದ ಲಾರಿಗೆ ಬದಲಿಸಿದನು. 1988ಕ್ಕೆ ಪತ್ರಿಕಾ ರೈಲುಗಳೇ ನಿಂತುಹೋದವು. ಪ್ರಕಾಶಕರು ಪ್ರದೇಶಗಳನ್ನು ಹಂಚಿ, ಒಂದೊಂದಕ್ಕೆ ಒಬ್ಬನೇ ಸಗಟುದಾರನನ್ನು ನೇಮಿಸತೊಡಗಿದರು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಪತ್ರಿಕೆ ಹಾಲಿನಂತೆ, ಹೊತ್ತು ಮೀರಿದರೆ ಕೆಟ್ಟಿತು. ಒಂದೇ ಬೀದಿಗೆ ನಸುಕಿನಲ್ಲಿ ಎರಡು ಗಾಡಿ ಓಡಿದರೆ ಖರ್ಚೂ ಎರಡು ಪಾಲು.

ಆದರೆ ಅಂಗಡಿಯವನಿಗೆ ಉಳಿದುದೇನು? ಕಟ್ಟು ತಡವಾದರೂ, ಪ್ರತಿ ಕಡಿಮೆ ಬಂದರೂ, ಸಾಗಣೆಯ ವೆಚ್ಚ ಏರಿದರೂ ಅವನು ಪಕ್ಕದ ಪ್ರದೇಶದ ಸಗಟುದಾರನ ಬಳಿಗೆ ಹೋಗುವಂತಿಲ್ಲ. 2008ರಲ್ಲಿ ನ್ಯಾಯವ್ಯಾಪಾರದ ಸರ್ಕಾರಿ ಕಚೇರಿಯು ತನ್ನ ಅಭಿಪ್ರಾಯವನ್ನು ಪ್ರಕಟಿಸಿತು: ದಿನಪತ್ರಿಕೆಗಳಿಗೆ ಇಂಥ ಒಪ್ಪಂದವನ್ನು ಸಮರ್ಥಿಸಬಹುದು, ನಿಯತಕಾಲಿಕೆಗಳಿಗೆ ಆ ಸಮರ್ಥನೆ ಅಷ್ಟು ಗಟ್ಟಿಯಲ್ಲ. ಮಾಸಪತ್ರಿಕೆ ಎರಡು ಗಂಟೆ ತಡವಾದರೆ ಮುಳುಗುವುದೇನು ಎಂಬ ಈ ವಿವೇಚನೆ ನಮಗೆ ಮೆಚ್ಚಿಗೆಯಾಯಿತು. ಮರುವರ್ಷವೇ ಮೂರನೆಯ ದೊಡ್ಡ ಸಂಸ್ಥೆಯಾದ ಡಾಸನ್ ಒಪ್ಪಂದಗಳನ್ನು ಕಳೆದುಕೊಂಡು ಆ ಕಸಬನ್ನು ಬಿಟ್ಟಿತು. ದೊಡ್ಡವರಾಗಿ ಉಳಿದವರು ಇಬ್ಬರೇ, ಸ್ಮಿತ್ ಮತ್ತು ಮೆಂಜೀಸ್ ಹೆಸರಿನವರು.